ತಡಬೆ ಇಲ್ಲದ ಬೇಲಿ

(ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಹಿಂದುಮುಂದಾದದ್ದನ್ನು ಸರಿಪಡಿಸಿದ್ದೇನೆ. ಮೈಕು ಕೈಕೊಟ್ಟ ಐದು ನಿಮಿಷ ಏನು ಹೇಳಿದೆನೋ ನನಗೇ ನೆನಪಿಲ್ಲ, ಹಾಗಾಗಿ ಅದು ಇಲ್ಲಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ತಪ್ಪೊಪ್ಪಿಗೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ವನ್ಯಜೀವಿ ತಜ್ಞ ಅಂತ ಅಚ್ಚಾಗಿದೆ. ಅದು ಸಂಘಟಕರ ದೊಡ್ಡ ಮನಸ್ಸು. ನಾನು ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಭೂಮಾಪಕನಾಗಿದ್ದವನು. ಹದಿನಾರು ಆಣೆಯ, 33 ಅಡಿಯ ಸರಪಳಿ ಎಳೆದುಕೊಂಡು, ಪೊದೆಯೊಳಗೆ ಮುಚ್ಚಿಹೋದ ಬಾಂದುಕಲ್ಲು ಹುಡುಕಿ, "ಇಲ್ಲಿಂದಾಚೆ ಅವರದು, ಈಚೆ ನಿಮ್ಮದು" ಅಂತ ಹೇಳೋದು ನನ್ನ ಹೊಟ್ಟೆಪಾಡು. ಹದ್ದುಬಸ್ತು ಅಳತೆಗೆ ಹೋದ ದಿನ ಒಬ್ಬರ ಮನೆಯಲ್ಲಿ ಕಾಫಿ ಸಿಗುತ್ತಿತ್ತು, ಇನ್ನೊಬ್ಬರ ಮನೆಯಿಂದ ಬೈಗುಳ. ಪ್ರಾಣಿಗಳ ಹುಚ್ಚು ಹಿಡಿದದ್ದು ಆಮೇಲೆ, ಅಳತೆಗೆ ಕಾಡಂಚಿನ ಊರುಗಳಿಗೆ ಹೋದಾಗ. ಆದ್ದರಿಂದ ಇವತ್ತು ಗಡಿಬೇಲಿಗಳ ಬಗ್ಗೆ, ಅವು ಪ್ರಾಣಿಗಳ ಓಡಾಟಕ್ಕೆ ಏನು ಮಾಡುತ್ತವೆ ಅನ್ನೋದರ ಬಗ್ಗೆ, ಒಬ್ಬ ಗಡಿ ಗುರುತಿಸುವವನಾಗಿಯೇ ಮಾತಾಡುತ್ತೇನೆ.

ನಮ್ಮೂರು ತೀರ್ಥಹಳ್ಳಿ ಕಡೆ. ಅಲ್ಲಿ ಬೇಲಿ ಅಂದರೆ ಬರೀ ಬೇಲಿಯಲ್ಲ. ತೋಟದ ಸುತ್ತ ಅಗಳು, ಅಂದರೆ ಕಂದಕ, ಇರುತ್ತೆ, ಅಗಳಿನ ದಂಡೆ ಮೇಲೆ ಮುಳ್ಳುಬೇಲಿ. ಆ ಬೇಲಿಯಲ್ಲಿ ಗಾಡಿ ಹೋಗೋ ಕಡೆ ಉಣುಗೋಲು, ಅಂದರೆ ಎರಡು ಗೂಟಕ್ಕೆ ತೂತು ಕೊರೆದು ಅಡ್ಡಕ್ಕೆ ಗಳ ತೂರಿಸಿದ್ದು. ಬೇಕಾದಾಗ ಸರಿಸಿ, ದಾಟಿದ ಮೇಲೆ ಮತ್ತೆ ತೂರಿಸಿಬಿಡೋದು. ಕಾಲುದಾರಿ ಇದ್ದ ಕಡೆ ತಡಬೆ. ಕರಾವಳಿಯವರು ತಡಮೆ ಅಂತಾರೆ. ಮನುಷ್ಯ ಕಾಲೆತ್ತಿ ದಾಟಬಹುದು, ದನಕ್ಕೆ ಆಗೋದಿಲ್ಲ. ಬೇಲಿ ಹಾಕುವವನ ಜಾಣತನ ಮುಳ್ಳಿನಲ್ಲಿ ಇರಲಿಲ್ಲ, ತಡಬೆಯಲ್ಲಿತ್ತು: ಯಾರನ್ನು ತಡೀಬೇಕು, ಯಾರನ್ನು ಬಿಡಬೇಕು ಅಂತ ಯೋಚನೆ ಮಾಡಿ ಅದನ್ನು ಕಟ್ಟುತ್ತಿದ್ದ. ನಾವು ಬಳಸುವ ಗ್ರಾಮ ನಕಾಶೆಗಳಲ್ಲೂ ಹಾಗೇ. ಗಡಿಗೆರೆಯ ಜೊತೆಗೆ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿ ಚುಕ್ಕಿಯಾಗಿ ಬರೆದಿರುತ್ತಾರೆ. ನಕಾಶೆ ಕಂಡ ದಾರಿಯನ್ನು ಮುಚ್ಚಿದರೆ ತಹಶೀಲ್ದಾರರ ತನಕ ಜಗಳ ಹೋಗುತ್ತೆ. ಆನೆಯ ದಾರಿಯನ್ನು ಯಾವ ನಕಾಶೆಯಲ್ಲೂ ಯಾರೂ ಚುಕ್ಕಿ ಇಟ್ಟು ಬರೆಯಲಿಲ್ಲ. ನನ್ನ ತಕರಾರು ಇಷ್ಟೇ. ಇನ್ನು ಮುಂದೆ ಹೇಳೋದೆಲ್ಲ ಅದಕ್ಕೆ ಸಾಕ್ಷಿ.

ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ. ಬನ್ನೇರುಘಟ್ಟದ ಕಾಡು ತಮಿಳುನಾಡಿನ ತಳಿ ಕಡೆಯ ಕಾಡಿಗೆ ಅಂಟಿಕೊಂಡಿದೆ, ಇತ್ತ ಕಾವೇರಿ ವನ್ಯಧಾಮದ ಕಡೆಗೂ ಕೊಂಡಿ ಇದೆ. ರಾಜ್ಯದ ಗಡಿ ಆ ಕಾಡಿನೊಳಗೇ ಹಾದುಹೋಗುತ್ತೆ. ನಮ್ಮ ಪಾಲಿಗೆ ಅದು ದೊಡ್ಡ ಗೆರೆ. ಆ ಗೆರೆಯ ಮೇಲೆ ನೀರಿನ ಜಗಳ, ಭಾಷೆಯ ಜಗಳ, ಚೆಕ್‌ಪೋಸ್ಟಿನ ಜಗಳ ಎಲ್ಲ ಆಗಿದೆ. ಮಳೆಗಾಲ ಮುಗಿದು ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಹಿಂಡುಗಳು ಈ ಗೆರೆಯನ್ನು ದಾಟಿ ಹೊಸೂರು ಕಡೆ ಹೋಗುತ್ತವೆ, ಬೇಸಗೆ ಬರುವ ಮುಂಚೆ ವಾಪಸ್ ಬರುತ್ತವೆ. ಅವಕ್ಕೆ ಅಲ್ಲಿ ಗೆರೆ ಕಾಣಿಸೋದೇ ಇಲ್ಲ. ಕಾಣಿಸೋದು ಕಲ್ಲು ಕ್ವಾರಿ, ಲೇಔಟು, ಕಂದಕ, ಕಬ್ಬಿಣ. ಗೆರೆ ನಮ್ಮ ತಲೆಯಲ್ಲಿರುವಷ್ಟು ದಿನ ಪ್ರಾಣಿಗೆ ಏನೂ ತೊಂದರೆ ಇಲ್ಲ. ಅದೇ ಗೆರೆ ತಂತಿಯಾಗಿ ನೆಲಕ್ಕಿಳಿದ ದಿನ ಶುರುವಾಗುತ್ತೆ.

ನೆಲಕ್ಕೆ ಇಳೀತಾ ಇದೆಯಾ ಅಂದರೆ, ಭರದಿಂದ. 2016ರಲ್ಲಿ ಕೆಲವು ವಿಜ್ಞಾನಿಗಳು ಯುರೋಪು ಮತ್ತು ಏಷ್ಯಾದ ಗಡಿಬೇಲಿಗಳನ್ನು ಲೆಕ್ಕ ಹಾಕಿದರು. 25,000ದಿಂದ 30,000 ಕಿಲೋಮೀಟರ್ ಬಂತು. ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರ್ ಅಂತ ನೆನಪಿಟ್ಟುಕೊಳ್ಳಿ. ಬರ್ಲಿನ್ ಗೋಡೆ ಬಿದ್ದಾಗ ಬೇಲಿಗಳ ಕಾಲ ಮುಗೀತು ಅಂದುಕೊಂಡಿದ್ದೆವು. ಆಗ ನಾನು ಇಲಾಖೆಗೆ ಹೊಸದಾಗಿ ಸೇರಿದ್ದೆ, ಪೇಪರಿನಲ್ಲಿ ಆ ಫೋಟೋ ನೋಡಿ "ಗಡಿ ತೆಗೆಯೋ ಕೆಲಸಾನೂ ಇರುತ್ತಾ" ಅಂತ ಆಶ್ಚರ್ಯಪಟ್ಟಿದ್ದೆ.

ಇಲ್ಲಿ ಒಂದು ಸರ್ವೆ ಲೆಕ್ಕ ಹೇಳಬೇಕು. ಹೊಲದ ಬೇಲಿಗೂ ದೇಶದ ಬೇಲಿಗೂ ಒಂದು ವ್ಯತ್ಯಾಸ ಇದೆ. ಹೊಲದ ಬೇಲಿ ಸುತ್ತಿ ಬಂದು ತನ್ನನ್ನೇ ಸೇರುತ್ತೆ. ಅದು ಎಷ್ಟೇ ಭದ್ರವಾಗಿರಲಿ, ಪ್ರಾಣಿ ಬಳಸಿಕೊಂಡು ಹೋಗಬಹುದು. ದೇಶದ ಬೇಲಿಗೆ ಉದ್ದ ಮಾತ್ರ, ಸುತ್ತು ಇಲ್ಲ. ಬಳಸಿ ಹೋಗೋಣ ಅಂತ ಹೊರಟ ಪ್ರಾಣಿಗೆ ತುದಿಯೇ ಸಿಗೋದಿಲ್ಲ.

ತುದಿ ಸಿಗದೆ ನಡೆದ ಒಂದು ತೋಳದ ಕಥೆ ಇದೆ. ಮೆಕ್ಸಿಕನ್ ತೋಳ ಅಂತ ಒಂದು ಬಗೆ. ಅಮೆರಿಕದ ನೈರುತ್ಯ ಭಾಗದಲ್ಲೂ ಮೆಕ್ಸಿಕೋದಲ್ಲೂ ಇತ್ತು. ದನ ಕಾಯುವವರು, ಸರ್ಕಾರ ಎಲ್ಲ ಸೇರಿ ವಿಷ ಇಟ್ಟು, ಗುಂಡು ಹೊಡೆದು ಮುಗಿಸಿದರು. ಕೊನೆಗೆ ಉಳಿದ ಏಳು ತೋಳಗಳಿಂದ ಮತ್ತೆ ಸಂತಾನ ಬೆಳೆಸಿದರು. ಇವತ್ತಿರುವ ಪ್ರತಿಯೊಂದು ಮೆಕ್ಸಿಕನ್ ತೋಳವೂ ಆ ಏಳರ ಮೊಮ್ಮಕ್ಕಳು, ಮರಿಮಕ್ಕಳು. ದಾಯಾದಿಗಳೊಳಗೇ ಮದುವೆ. ಇಂಥ ಕುಲಕ್ಕೆ ಅತೀ ಅಗತ್ಯ ಏನಪ್ಪಾ ಅಂದರೆ ಈ ಕಡೆಯ ಗಂಡು ಆ ಕಡೆಗೆ ಹೋಗೋದು, ಆ ಕಡೆಯದು ಈ ಕಡೆಗೆ ಬರೋದು. 2021ರ ನವೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಒಂದು ಗಂಡು ತೋಳ, ಕೊರಳಲ್ಲಿ ಜಿಪಿಎಸ್ ಪಟ್ಟಿ ಇತ್ತು, ದಕ್ಷಿಣಕ್ಕೆ ಹೊರಟಿತು. ಹೆಣ್ಣು ಹುಡುಕಿಕೊಂಡು ಅಂತಲೇ ಇಟ್ಟುಕೊಳ್ಳಿ, ವಯಸ್ಸಿಗೆ ಬಂದ ಗಂಡು ಮತ್ತೇಕೆ ಹೊರಡುತ್ತೆ. ಗಡಿಗೆ ಬಂತು. ಒಂದಕ್ಕೊಂದು ಹತ್ತು ಸೆಂಟಿಮೀಟರ್ ಸಂದು ಬಿಟ್ಟು ನಿಲ್ಲಿಸಿದ ಉಕ್ಕಿನ ಕಂಬಗಳ ಗೋಡೆ. ಆ ಕಡೆಯ ಗಾಳಿ ಬರುತ್ತೆ, ವಾಸನೆ ಬರುತ್ತೆ, ಕಣ್ಣಿಗೂ ಕಾಣುತ್ತೆ, ಮೈ ಮಾತ್ರ ತೂರೋದಿಲ್ಲ. ಐದು ದಿನ ಆ ಗೋಡೆಯ ಗುಂಟ ನಡೆಯಿತು, ಸುಮಾರು 37 ಕಿಲೋಮೀಟರ್. ಆಮೇಲೆ ಉತ್ತರಕ್ಕೆ ತಿರುಗಿತು. ಇಷ್ಟೇ ಕಥೆ, ರಕ್ತ ಸುರಿಯಲಿಲ್ಲ. ಬೇಲಿಯ ಹಾನಿ ಸಾಮಾನ್ಯವಾಗಿ ಹೀಗೇ ಇರುತ್ತೆ. ಹೆಣ ಸಿಗೋದಿಲ್ಲ, ಪಂಚನಾಮೆ ಮಾಡೋಕೆ ಬರೋದಿಲ್ಲ. ಹುಟ್ಟಬೇಕಾಗಿದ್ದ ಮರಿ ಹುಟ್ಟಲಿಲ್ಲ ಅಂತ ಯಾವ ದಫ್ತರದಲ್ಲಿ ಬರೆಯೋದು?

ಅದೇ ಗಡಿಯಲ್ಲಿ ಜಾಗ್ವಾರ್‌ನ ಕಥೆಯೂ ಇದೆ. ನಮ್ಮ ಚಿರತೆಯ ದೊಡ್ಡಪ್ಪನ ಮಗ ಅನ್ನಬಹುದು. ಅರಿಝೋನಾದಲ್ಲಿ ಕೊನೆಯ ಹೆಣ್ಣು ಜಾಗ್ವಾರ್ ಗುಂಡಿಗೆ ಸತ್ತದ್ದು 1963ರಲ್ಲಿ. ಆಮೇಲೆ ಅಲ್ಲಿಗೆ ಬಂದವೆಲ್ಲ ಮೆಕ್ಸಿಕೋದಿಂದ ಒಂಟಿಯಾಗಿ ನಡೆದು ಬಂದ ಗಂಡುಗಳು. ಒಂದಕ್ಕೆ ಎಲ್ ಹೆಫೆ, ಯಜಮಾನ, ಅಂತ ಹೆಸರಿಟ್ಟಿದ್ದರು. 2011ರಿಂದ 2015ರವರೆಗೆ ಅರಿಝೋನಾದ ಕ್ಯಾಮೆರಾಗಳಲ್ಲಿ ಕಾಣಿಸಿಕೊಂಡು ಮಾಯವಾಯಿತು. ಸತ್ತೇಹೋಯಿತು ಅಂದುಕೊಂಡಿದ್ದಾಗ 2021ರಲ್ಲಿ ಮೆಕ್ಸಿಕೋದ ಸೊನೋರಾದಲ್ಲಿ ಕ್ಯಾಮೆರಾಗೆ ಸಿಕ್ಕಿತು. ಮೈಮೇಲಿನ ಚುಕ್ಕೆಯ ಗುರುತಿನಿಂದ ಅದೇ ಅಂತ ಖಾತ್ರಿಯಾಯಿತು. ಅಂದರೆ ಗೋಡೆಯಲ್ಲಿ ಎಲ್ಲೋ ಇನ್ನೂ ಸಂದು ಇತ್ತು, ಯಜಮಾನ ಹೋಗಿಬಂದಿದ್ದ. ಆ ಸಂದುಗಳನ್ನೇ ಒಂದೊಂದಾಗಿ ಮುಚ್ಚುತ್ತಿದ್ದಾರೆ. ಸಣ್ಣ ಪ್ರಾಣಿಗಳಿಗೆ ಅಂತ ಗೋಡೆಯ ಬುಡದಲ್ಲಿ ಕೆಲವು ಕಡೆ ಕಿಂಡಿ ಬಿಟ್ಟಿದ್ದಾರೆ, ಒಂದು ಜೆರಾಕ್ಸ್ ಹಾಳೆಯಷ್ಟು ಅಗಲ. ಅಲ್ಲಿನ ಕಾನೂನು ಏನು ಮಾಡುತ್ತಿತ್ತು ಅಂತ ನೀವು ಕೇಳಬಹುದು. 2005ರಲ್ಲಿ ಮಾಡಿದ ಒಂದು ಕಾಯ್ದೆ ಪ್ರಕಾರ ಗಡಿ ಗೋಡೆ ಕಟ್ಟಲು ಅಡ್ಡ ಬರುವ ಪರಿಸರ ಕಾನೂನುಗಳನ್ನು, ಅಳಿವಿನಂಚಿನ ಪ್ರಾಣಿಗಳ ಕಾಯ್ದೆಯೂ ಸೇರಿ, ಬದಿಗಿಡುವ ಅಧಿಕಾರ ಒಬ್ಬ ಮಂತ್ರಿಗೆ ಇದೆ. ನಮ್ಮಲ್ಲಿ ಕೆಲವರಿಗೆ ಇದನ್ನು ಕೇಳಿ ಹೊಟ್ಟೆಕಿಚ್ಚಾಗಬಹುದು!

ಏಳು ಅಂದೆನಲ್ಲ, ಇನ್ನೊಂದು ಏಳು ಇದೆ. ಪೋಲೆಂಡ್ ಮತ್ತು ಬೆಲಾರೂಸ್ ನಡುವೆ ಬಿಯಾವೊವಿಯೆಝಾ ಅನ್ನೋ ಕಾಡು. ಹೆಸರು ಸರಿಯಾಗಿ ಹೇಳಲು ನನ್ನ ಮಗಳಿಂದ ಪಾಠ ಹೇಳಿಸಿಕೊಂಡು ಬಂದಿದ್ದೇನೆ. ಯುರೋಪಿನ ಬಯಲು ಸೀಮೆಯಲ್ಲಿ ಉಳಿದ ಹಳೆಯ ಕಾಡುಗಳಲ್ಲಿ ಅದಕ್ಕೆ ಸಮ ಇಲ್ಲ, ಯುನೆಸ್ಕೋ ಪಟ್ಟಿಯಲ್ಲಿದೆ. ನಮ್ಮ ಕಾಡುಕೋಣದಂಥ ಯುರೋಪಿನ ಬೈಸನ್ ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿ ಮುಗಿದುಹೋಯಿತು. ಮೃಗಾಲಯಗಳಲ್ಲಿ ಉಳಿದವುಗಳಿಂದ ಮತ್ತೆ ಬೆಳೆಸಿ 1952ರಲ್ಲಿ ಕಾಡಿಗೆ ಬಿಡಲು ಶುರು ಮಾಡಿದರು. ಅಲ್ಲಿನ ಬಯಲು ತಳಿಯ ಬೈಸನ್‌ಗಳೆಲ್ಲ ಏಳು ಪ್ರಾಣಿಗಳ ಸಂತಾನ. 1980ರ ದಶಕದಲ್ಲಿ ಸೋವಿಯತ್ ಕಡೆಯವರು ಕಾಡಿನೊಳಗೇ ಬೇಲಿ ಹಾಕಿ ಆ ಏಳರ ಸಂತಾನವನ್ನೂ ಎರಡು ಪಾಲು ಮಾಡಿದರು. ಹಿಸ್ಸೆ ಪೋಡಿ ಅನ್ನಿ. ಆದರೂ ತೋಳ, ಲಿಂಕ್ಸ್ ಅನ್ನೋ ದೊಡ್ಡ ಕಾಡುಬೆಕ್ಕು ಹೇಗೋ ನುಸುಳುತ್ತಿದ್ದವು. 2021ರಲ್ಲಿ ಬೆಲಾರೂಸ್ ಕಡೆಯಿಂದ ವಲಸಿಗರು ಬರತೊಡಗಿದರು, 2022ರಲ್ಲಿ ಪೋಲೆಂಡ್ 186 ಕಿಲೋಮೀಟರ್ ಉದ್ದದ, ಐದೂವರೆ ಮೀಟರ್ ಎತ್ತರದ ಉಕ್ಕಿನ ಬೇಲಿ ಕಟ್ಟಿ ಮುಗಿಸಿತು. ಲಿಂಕ್ಸ್ ಅಲ್ಲಿರುವುದೇ ಕೆಲವು ಹತ್ತುಗಳಷ್ಟು. ಅದರಲ್ಲಿ ಮತ್ತೆ ಎರಡು ಪಾಲು. ಆ ಬೇಲಿಗೆ ಕಾರಣರಾದ ವಲಸಿಗರು ಕೂಡ ಅದೇ ಕಾಡಿನ ಚಳಿಯಲ್ಲಿ ಸತ್ತರು, ಅದನ್ನು ಬಿಟ್ಟು ಬರೀ ಲಿಂಕ್ಸ್ ಬಗ್ಗೆ ಮಾತಾಡಿದರೆ ನನಗೇ ನಾಚಿಕೆಯಾಗುತ್ತೆ. ಹೇಳಿ ಮುಂದೆ ಹೋಗುತ್ತೇನೆ.

ಮಂಗೋಲಿಯಾದ ಕಥೆ ನನಗೆ ತುಂಬಾ ಹಿಡಿಸಿದ್ದು. ಕಾರಣ ಎರಡು. ಒಂದು, ಅಲ್ಲಿ ಬೇಲಿ ಹಾಕಿದವರಿಗೆ ಪ್ರಾಣಿಯನ್ನು ತಡೆಯುವ ಉದ್ದೇಶವೇ ಇರಲಿಲ್ಲ. ಎರಡನೆಯದು ಆಮೇಲೆ.

1950ರ ದಶಕದಲ್ಲಿ ಉಲಾನ್‌ಬಾತರಿನಿಂದ ಚೀನಾ ಗಡಿಯವರೆಗೆ ರೈಲು ಹಾಕಿದರು. ಮೇಕೆ, ಕುರಿ, ಒಂಟೆ ಹಳಿಗೆ ಬಂದು ಸಾಯದಿರಲಿ ಅಂತ ಎರಡೂ ಬದಿಗೆ ತಂತಿಬೇಲಿ. ಸದುದ್ದೇಶವೇ. ಆದರೆ ಆ ರೈಲು ಗೋಬಿ ಬಯಲನ್ನು ಸೀಳಿಕೊಂಡು ಹೋಗುತ್ತೆ. ಗೋಬಿಯಲ್ಲಿ ಮಳೆ ಎಲ್ಲಿ ಬೀಳುತ್ತೆ ಅಂತ ಯಾರೂ ಹೇಳಲಾರರು. ಈ ವರ್ಷ ಇಲ್ಲಿ ಹುಲ್ಲು ಚಿಗುರಿದರೆ ಮುಂದಿನ ವರ್ಷ ಮುನ್ನೂರು ಕಿಲೋಮೀಟರ್ ಆಚೆ. ಆದ್ದರಿಂದ ಅಲ್ಲಿನ ಕಾಡುಕತ್ತೆ, ಖುಲಾನ್ ಅಂತಾರೆ, ಕಚ್ಛದ ಘುಡ್‌ಖರ್ ಇದೆಯಲ್ಲ, ಅದೇ ಜಾತಿ, ಅಲೆಯುತ್ತಲೇ ಇರುತ್ತೆ. ಒಂದೊಂದು ಖುಲಾನ್ ವರ್ಷದಲ್ಲಿ ಓಡಾಡುವ ವಿಸ್ತಾರ ಹತ್ತಾರು ಸಾವಿರ ಚದರ ಕಿಲೋಮೀಟರ್. ನಮ್ಮ ಇಡೀ ಬೆಂಗಳೂರು ನಗರ ಜಿಲ್ಲೆ 2,200 ಚದರ ಕಿಲೋಮೀಟರ್ ಆಸುಪಾಸು, ಅದರ ಟ್ರಾಫಿಕ್ಕಿನಲ್ಲೇ ನಮ್ಮ ಆಯುಸ್ಸು ಕಳೀತಿದೆ. ಇಂಥ ಪ್ರಾಣಿಗೆ "ಇಗೋ, ಇಲ್ಲೊಂದು ಸೇತುವೆ ಕಟ್ಟಿದ್ದೇವೆ, ಇದರಲ್ಲೇ ಹೋಗು" ಅನ್ನೋದೂ ಸುಲಭ ಅಲ್ಲ. ಆನೆಯ ದಾರಿ ತಲೆತಲಾಂತರದ್ದು, ಅಲ್ಲೇ ಕಾದು ಕೂತರೆ ಬರುತ್ತೆ. ಖುಲಾನ್‌ಗೆ ದಾರಿ ಅಂತಲೇ ಇಲ್ಲ, ಇಡೀ ಬಯಲೇ ದಾರಿ.

ಬೇಲಿ ಬಿದ್ದ ಮೇಲೆ ಹಳಿಯ ಪೂರ್ವಕ್ಕಿದ್ದ ದೊಡ್ಡ ಬಯಲಿನಿಂದ ಖುಲಾನ್ ಕಾಣೆಯಾಯಿತು. ಹುಲ್ಲು ಇತ್ತು, ತಿನ್ನುವವನಿಲ್ಲ. ಗೆಜೆಲ್ ಅಂತ ಕೃಷ್ಣಮೃಗದಂಥ ಪ್ರಾಣಿ, ಅದಂತೂ ಬೇಲಿ ಹಾರುವುದಿಲ್ಲ, ಅಡಿಯಲ್ಲಿ ನುಸುಳಲು ನೋಡುತ್ತೆ. ಕೆಟ್ಟ ಚಳಿಗಾಲದಲ್ಲಿ ಹಿಂಡುಹಿಂಡಾಗಿ ತಂತಿಯ ಬಳಿ ಬಂದು ಅಲ್ಲೇ ಸಾಯುತ್ತಿದ್ದವು. ಕೆಲವು ವರ್ಷಗಳ ಹಿಂದೆ ಸಂರಕ್ಷಣೆಯವರು ರೈಲ್ವೆಯವರ ಹಿಂದೆ ಬಿದ್ದು, ಪ್ರಯೋಗಕ್ಕೆ ಅಂತ ಒಂದೆರಡು ಕಡೆ ಬೇಲಿ ತೆಗೆಸಿದರು. 2020ರ ಮಾರ್ಚಿನಲ್ಲಿ ಒಂದು ಖುಲಾನ್ ಹಳಿ ದಾಟಿ ಪೂರ್ವಕ್ಕೆ ಕಾಲಿಟ್ಟಿತು. ಅರವತ್ತೈದು ವರ್ಷದಲ್ಲಿ ದಾಖಲಾದ ಮೊದಲ ದಾಟು ಅದು. ಒಂದು ಕತ್ತೆ ರೈಲು ಹಳಿ ದಾಟಿದ್ದು ಸುದ್ದಿ ಆಗುತ್ತೆ ಅಂದರೆ ಯಾರಾದರೂ ನಗಬಹುದು. ಆ ದಿನ ನಾನು ಮನೆಯಲ್ಲಿ ಲಾಕ್‌ಡೌನ್‌ನಲ್ಲಿ ಕೂತಿದ್ದೆ, ನನಗೆ ನಗು ಬರಲಿಲ್ಲ.

ಎರಡನೆಯ ಕಾರಣ ಹೇಳುತ್ತೇನೆ ಅಂದಿದ್ದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಕೆರೆ ಇದೆ. ನಮ್ಮ ರಾಮನಗರ ಕಡೆಯ ಮಾಗಡಿ ಅಲ್ಲ, ಬಸ್ಸು ತಪ್ಪಿಸಿಕೊಳ್ಳಬೇಡಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಬಿಳಿ ತಲೆಗೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹೆಬ್ಬಾತುಗಳನ್ನು ನಮ್ಮ ರಾಜ್ಯದ ಕೆರೆಗಳಲ್ಲಿ ಪಕ್ಷಿವೀಕ್ಷಕರು ಕಂಡಿದ್ದಾರೆ. ಚೀನಾದ ಬೇಲಿ, ಹಿಮಾಲಯ, ನಮ್ಮ ಸೈನಿಕರು ನಿಂತಿರುವ ಗಡಿ, ಎಲ್ಲ ದಾಟಿ ಗದಗದ ಕಡಲೆ ಹೊಲಕ್ಕೆ ಇಳಿಯುತ್ತವೆ. ಆ ನಾಡಿನಲ್ಲೇ ಖುಲಾನ್‌ಗೆ ಒಂದು ತಂತಿಬೇಲಿ ದಾಟಲು ಅರವತ್ತೈದು ವರ್ಷ ಬೇಕಾಯಿತು. ಮಾಗಡಿ ಕೆರೆಯ ಏರಿ ಮೇಲೆ ನಿಂತಾಗಲೆಲ್ಲ ನನಗೆ ಆ ಕತ್ತೆಯ ನೆನಪು.

ಆದರೆ ರೆಕ್ಕೆ ಇದ್ದವರೆಲ್ಲ ಪಾರು ಅಂತಲೂ ಅಲ್ಲ. ಸೊನೋರಾ ಮರುಭೂಮಿಯ ಒಂದು ಪುಟ್ಟ ಗೂಬೆ ನೆಲಕ್ಕೆ ಹತ್ತಿರವಾಗಿಯೇ ಹಾರುತ್ತೆ, ಎತ್ತರದ ಗೋಡೆ ಅದಕ್ಕೂ ತೊಡಕು.

ಈಗ ಬೇಲಿ ತೆಗೆದರೆ ಏನಾಗುತ್ತೆ ಅನ್ನೋ ಪ್ರಶ್ನೆ. ಎರಡು ಉದಾಹರಣೆ, ಒಂದಕ್ಕೊಂದು ತದ್ವಿರುದ್ಧ.

ಜರ್ಮನಿಯ ಬವೇರಿಯಾ ಮತ್ತು ಜೆಕ್ ದೇಶದ ಶುಮಾವಾ ನಡುವೆ ಕಾಡು ಒಂದೇ. ಶೀತಲ ಸಮರದ ಕಾಲದಲ್ಲಿ ಅಲ್ಲಿ ವಿದ್ಯುತ್ ಬೇಲಿ ಇತ್ತು. 1989ರ ನಂತರ ಕಿತ್ತು ಹಾಕಿದರು. ಇವತ್ತು ಅಲ್ಲಿ ಮರ, ಹುಲ್ಲು, ಪ್ರವಾಸಿಗರು. ಕೆಂಪು ಜಿಂಕೆಗಳಿಗೆ ಜಿಪಿಎಸ್ ಪಟ್ಟಿ ಹಾಕಿ ನೋಡಿದರೆ, ಬೇಲಿ ಹೋಗಿ ಎಷ್ಟೋ ವರ್ಷವಾದ ಮೇಲೂ ಬಹುಪಾಲು ಜಿಂಕೆಗಳು ಹಳೆಯ ಗಡಿ ಇದ್ದ ಜಾಗಕ್ಕೆ ಬಂದು ತಿರುಗಿ ಹೋಗುತ್ತಿದ್ದವು. ಆ ಬೇಲಿಯನ್ನು ಕಣ್ಣಾರೆ ಕಂಡ ಜಿಂಕೆ ಒಂದೂ ಬದುಕಿರಲಿಲ್ಲ. ಮರಿ ಮೊದಲ ವರ್ಷ ತಾಯಿಯ ಹಿಂದೆ ನಡೆದು ಊರು ಕಲಿಯುತ್ತೆ. ತಾಯಿ ಅಲ್ಲಿಗೆ ಹೋಗುತ್ತಿರಲಿಲ್ಲ, ಅದಕ್ಕೆ ಮರಿಯೂ ಹೋಗೋದಿಲ್ಲ. ಅಜ್ಜಿಗೆ ತಟ್ಟಿದ ಶಾಕು ಮೊಮ್ಮಗಳ ಕಾಲಿಗೆ ಇಳಿದಿದೆ ಅನ್ನಿ. ನಮ್ಮ ಊರಿನಲ್ಲೂ ಎಂದೋ ಮುಚ್ಚಿಹೋದ ಕೆರೆಯ ಕಡೆ ಮಕ್ಕಳನ್ನು ಬಿಡದ ಮನೆಗಳಿವೆ.

ಇನ್ನೊಂದು ಬೋಟ್ಸ್ವಾನಾ. ಅಲ್ಲಿ ದನದ ಮಾಂಸ ಯುರೋಪಿಗೆ ಹೋಗಬೇಕು, ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ಜ್ವರ ತಗುಲಬಾರದು ಅಂತ 1950ರ ದಶಕದಿಂದ ನೂರಾರು ಕಿಲೋಮೀಟರ್ ಬೇಲಿ ಹಾಕಿದರು. 1980ರ ದಶಕದ ಬರಗಾಲದಲ್ಲಿ ನೀರಿನ ಕಡೆ ಹೊರಟ, ದನದಂಥ ದೊಡ್ಡ ಹುಲ್ಲೆಯಾದ ವಿಲ್ಡೆಬೀಸ್ಟ್‌ಗಳು ಹತ್ತಾರು ಸಾವಿರ ಲೆಕ್ಕದಲ್ಲಿ ಸತ್ತವು. ಅಂಥದ್ದೇ ಇನ್ನೊಂದು ಬೇಲಿ 1968ರಿಂದ ಒಕವಾಂಗೋ ನದಿಯ ಜೌಗು ಮತ್ತು ಮಕ್ಗಡಿಕ್ಗಡಿ ಉಪ್ಪಿನ ಬಯಲಿನ ನಡುವಿನ ಜೀಬ್ರಾ ದಾರಿಗೆ ಅಡ್ಡ ನಿಂತಿತ್ತು. 2004ರಲ್ಲಿ ಅದನ್ನು ತೆಗೆದರು. ಮೂವತ್ತಾರು ವರ್ಷ, ಜೀಬ್ರಾದ ಆಯುಸ್ಸಿಗಿಂತ ಹೆಚ್ಚು. ಹಳೇ ದಾರಿ ನಡೆದಿದ್ದ ಜೀಬ್ರಾ ಒಂದೂ ಉಳಿದಿರಲು ಸಾಧ್ಯವಿಲ್ಲ. 2007ರಲ್ಲಿ ಸಂಶೋಧಕರು ಪಟ್ಟಿ ಹಾಕಿ ನೋಡುತ್ತಾರೆ, ಜೀಬ್ರಾಗಳು ಹೋಗಿಬರಲು ಸೇರಿ 500 ಕಿಲೋಮೀಟರಿಗೂ ಮಿಕ್ಕಿದ ಹಳೆಯ ವಲಸೆಯನ್ನು ಮತ್ತೆ ನಡೆಸುತ್ತಿವೆ!

ಜಿಂಕೆ ಮರೆಯಲಿಲ್ಲ, ಜೀಬ್ರಾ ಹೊಸದಾಗಿ ಕಂಡುಕೊಂಡಿತು. ಒಂದು ಪ್ರಾಣಿ ಹೀಗೆ ಮಾಡಿತು ಅಂತ ಇನ್ನೊಂದಕ್ಕೆ ನಿಯಮ ಹಾಕಲು ಬರೋದಿಲ್ಲ. ಆನೆ ಇವೆರಡರಲ್ಲಿ ಯಾವ ಕಡೆ ಅಂತ ನನ್ನನ್ನು ಕೇಳಿದರೆ, ಜಿಂಕೆಯ ಕಡೆ ಅನ್ನಿಸುತ್ತೆ. ಅದೂ ಅಜ್ಜಿಯ ಹಿಂದೆ ನಡೆದು ಕಲಿಯುವ ಕುಲ. ಇದು ನನ್ನ ಅನಿಸಿಕೆ ಅಷ್ಟೇ, ಬರೆದುಕೊಳ್ಳುವವರು ಹಾಗೆಂದೇ ಬರೆದುಕೊಳ್ಳಿ.

ನಮ್ಮ ದೇಶದ ಗಡಿಗೆ ಬರೋಣ. ಅದಕ್ಕೆ ಮುಂಚೆ ಒಂದು ಪಕ್ಕದ ಕಥೆ. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಸುಂಕ ತಪ್ಪಿಸಿಕೊಂಡು ಹೋಗಬಾರದು ಅಂತ ಉತ್ತರ ಭಾರತಕ್ಕೆ ಅಡ್ಡಲಾಗಿ ಒಂದು ಸುಂಕದ ಗಡಿ ಇತ್ತು, ಸುಮಾರು 4,000 ಕಿಲೋಮೀಟರ್. ಅದರಲ್ಲಿ ನೂರಾರು ಕಿಲೋಮೀಟರ್ ಜೀವಂತ ಮುಳ್ಳುಬೇಲಿ: ಜಾಲಿ, ಬೋರೆ, ಪಾಪಾಸುಕಳ್ಳಿ ನೆಟ್ಟು ಬೆಳೆಸಿದ್ದು. 1867ರಿಂದ 1870ರವರೆಗೆ ಆ ಸುಂಕದ ಇಲಾಖೆಯ ಕಮಿಷನರ್ ಆಗಿದ್ದವರು ಎ. ಓ. ಹ್ಯೂಮ್. ಮುಂದೆ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಒಬ್ಬರು, ಅದಕ್ಕಿಂತ ಮುಖ್ಯವಾಗಿ ಭಾರತದ ಪಕ್ಷಿ ಅಧ್ಯಯನಕ್ಕೆ ಬುನಾದಿ ಹಾಕಿದವರು. ಹಕ್ಕಿ ಮೋಹಿ ಬೇಲಿ ಕಾಯುತ್ತಿದ್ದ. 1879ರಲ್ಲಿ ಆ ಗಡಿಯನ್ನೇ ಕೈಬಿಟ್ಟರು, ಬೇಲಿ ಎಲ್ಲಿತ್ತು ಅಂತಲೂ ಜನ ಮರೆತರು. ಬೇಲಿಗಳು ಶಾಶ್ವತ ಅಲ್ಲ ಅಂತ ಹೇಳಲು ಇದನ್ನು ಎಳೆದು ತಂದೆ. ಸ್ಲೊವೇನಿಯಾ 2015ರಲ್ಲಿ ಕ್ರೊಯೇಷಿಯಾ ಗಡಿಗೆ ಬ್ಲೇಡಿನ ತಂತಿ ಸುತ್ತಿತ್ತು, ಜಿಂಕೆಗಳು ಸಿಕ್ಕಿಬಿದ್ದು ಸತ್ತವು. 2022ರಲ್ಲಿ ತೆಗೆಯಲು ಶುರು ಮಾಡಿದರು.

ಬಾಂಗ್ಲಾದೇಶದೊಂದಿಗೆ ನಮ್ಮ ಗಡಿ 4,096 ಕಿಲೋಮೀಟರ್, ಹೆಚ್ಚಿನ ಭಾಗಕ್ಕೆ ಬೇಲಿ ಆಗಿದೆ. ಮೇಘಾಲಯದ ಗಾರೋ ಬೆಟ್ಟದ ಆನೆಗಳು ಭತ್ತ ಮಾಗುವ ಹೊತ್ತಿಗೆ ಆ ಕಡೆಯ ಶೇರ್‌ಪುರದ ಬಯಲಿಗೆ ಇಳಿಯೋದು ಹಳೆಯ ರೂಢಿ. ನಮ್ಮ ಸರ್ವೆ ಭಾಷೆಯಲ್ಲಿ ರೂಢಿ ದಾರಿ ಅಂದರೆ ಹಕ್ಕು. ಆನೆಗೆ ಆ ಕಲಂ ಅನ್ವಯಿಸಲಿಲ್ಲ. 2020ರ ಡಿಸೆಂಬರಿನಲ್ಲಿ ಎರಡೂ ದೇಶ ಗಡಿಯಾಚೆಯ ಆನೆಗಳ ಸಂರಕ್ಷಣೆಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು, ಕಾಗದದ ಮೇಲೆ ಒಂದು ತಡಬೆ. ಅದಕ್ಕೂ ಮೊದಲು, 2016ರ ಬ್ರಹ್ಮಪುತ್ರ ಪ್ರವಾಹದಲ್ಲಿ ಅಸ್ಸಾಮಿನ ಒಂದು ಆನೆ ಹಿಂಡಿನಿಂದ ತಪ್ಪಿ ಕೊಚ್ಚಿಕೊಂಡು ಬಾಂಗ್ಲಾದೇಶ ಸೇರಿತ್ತು. ನದಿಗೆ ಬೇಲಿ ಹಾಕಲು ಆಗದು ನೋಡಿ. ವಾರಗಟ್ಟಲೆ ಗದ್ದೆ, ಕೆಸರು, ನೀರಿನಲ್ಲಿ ಅಲೆಯಿತು. ಅಲ್ಲಿನ ಜನ ಬಂಗಬಹಾದೂರ್ ಅಂತ ಹೆಸರಿಟ್ಟರು, ನೋಡಲು ಸಾವಿರಾರು ಮಂದಿ ಸೇರಿದರು. ಹಿಡಿಯುವ ಪ್ರಯತ್ನ, ಅರಿವಳಿಕೆ, ಸುಸ್ತು, ಎಲ್ಲ ಸೇರಿ ಆಗಸ್ಟಿನಲ್ಲಿ ಸತ್ತುಹೋಯಿತು.

ಇದಕ್ಕೆ ಎದುರು ನೇಪಾಳದ ಗಡಿ ನೋಡಿ. ಅಲ್ಲಿ ಬೇಲಿ ಇಲ್ಲ. ನೇಪಾಳದ ಬರ್ದಿಯಾ ಕಾಡಿನಿಂದ ಉತ್ತರ ಪ್ರದೇಶದ ಕತರ್ನಿಯಾಘಾಟ್‌ವರೆಗೆ ಖಾತಾ ಅನ್ನೋ ಒಂದು ಕಾರಿಡಾರ್ ಇದೆ. ಹಳ್ಳಿಯ ಜನರೇ ಸೇರಿ ಕಾಡು ಮತ್ತೆ ಬೆಳೆಸಿದ ಪಟ್ಟಿ. ಹುಲಿ, ಆನೆ, ಘೇಂಡಾಮೃಗ ಅದರಲ್ಲಿ ಓಡಾಡುತ್ತವೆ. ನೇಪಾಳದ ಹುಲಿಗಳು 2009ರಲ್ಲಿ 121 ಇದ್ದವು, 2022ರಲ್ಲಿ 355. ಎಲ್ಲವೂ ಈ ಕಾರಿಡಾರಿನ ಪುಣ್ಯ ಅಂತ ನಾನು ಹೇಳಲಾರೆ, ಬೇಟೆ ತಡೆದದ್ದು, ಹುಲ್ಲುಗಾವಲು ಕಾಪಾಡಿದ್ದು ಎಲ್ಲ ಸೇರಿದೆ. ಹುಲಿಗಳ ಜೊತೆ ಮನುಷ್ಯರ ಸಾವೂ ಏರಿದೆ, ಅದನ್ನೂ ಮುಚ್ಚಿಡಬಾರದು.

ಇನ್ನು ನಮ್ಮ ಮನೆ. ಕರ್ನಾಟಕದಲ್ಲಿ 2023ರ ಗಣತಿ ಪ್ರಕಾರ 6,395 ಆನೆ, ದೇಶದಲ್ಲೇ ಹೆಚ್ಚು. ಇಲ್ಲಿ ಬೇಲಿ ದೇಶದ ಗಡಿಗಲ್ಲ, ಕಾಡಿನ ಅಂಚಿಗೆ. ಮೊದಲು ಆನೆ ಕಂದಕ ತೋಡಿದರು. ಮಳೆಗೆ ದಂಡೆ ಕುಸಿಯಿತು, ಆನೆಗಳೂ ಕಾಲಲ್ಲಿ ಮಣ್ಣು ತಳ್ಳಿ ಇಳಿಜಾರು ಮಾಡಿಕೊಂಡವು. ಸೋಲಾರ್ ಬೇಲಿ ಹಾಕಿದರು. ಒಣ ಮರ ತಂದು ತಂತಿ ಮೇಲೆ ಕೆಡವೋದನ್ನು ಕಲಿತವು. ಆಮೇಲೆ ರೈಲ್ವೆಯ ಹಳೇ ಹಳಿಗಳನ್ನು ಕಂಬ ಮಾಡಿ ನೆಟ್ಟರು. ಅದು ಗಟ್ಟಿ, ಫಲವೂ ಇದೆ. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಹತ್ತಿರ ಒಂದು ಗಂಡಾನೆ ಆ ಹಳಿ ಬೇಲಿ ಹತ್ತಿ ದಾಟಲು ಹೋಗಿ ಅದರ ಮೇಲೇ ಸಿಕ್ಕಿಕೊಂಡು ಸತ್ತಿತು. ಫೋಟೋ ನೀವೂ ನೋಡಿರುತ್ತೀರಿ. ನನಗೆ ಅದನ್ನು ಎರಡನೇ ಸಲ ನೋಡಲು ಆಗಲಿಲ್ಲ.

ರಾಜ್ಯದ ಗಡಿಯಲ್ಲಿ ನಾವು ಮಾಡಿದ ಒಂದು ಒಳ್ಳೆಯ ಕೆಲಸವೂ ಇದೆ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಸಂಚಾರ ಬಂದ್. ತುರ್ತು ವಾಹನ, ಕೆಲವು ಬಸ್ಸು ಬಿಟ್ಟರೆ ಇಲ್ಲ. ಇದು ನೋಡಿ, ಅಪ್ಪಟ ಉಣುಗೋಲು. ಹಗಲು ಗಳ ಸರಿಸು, ರಾತ್ರಿ ತೂರಿಸು. ವಯನಾಡಿನವರಿಗೆ ಇದರಿಂದ ತೊಂದರೆ ಇದೆ, ಅವರ ತಕರಾರಿಗೂ ಅರ್ಥ ಇದೆ. ಆದರೂ ಇದನ್ನು ಬಿಟ್ಟುಕೊಡಬಾರದು ಅನ್ನೋನು ನಾನು.

2024ರ ಫೆಬ್ರುವರಿ ನೆನಪಿದೆಯಾ? ಬೇಲೂರು ಮಖ್ನಾ ಅಂತ ಒಂದು ಕೋರೆ ಇಲ್ಲದ ಗಂಡಾನೆ. ಹಾಸನ ಜಿಲ್ಲೆಯಲ್ಲಿ ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ಹಾಕಿ ದೂರದ ಕಾಡಿಗೆ ಬಿಟ್ಟಿದ್ದರು. ಅದು ನಡೆದುಕೊಂಡು ವಯನಾಡಿಗೆ ಹೋಗಿ ಮಾನಂದವಾಡಿ ಹತ್ತಿರ ಒಬ್ಬ ಮನುಷ್ಯನನ್ನು ಕೊಂದಿತು. ಕಾಲರಿನ ಸಂಕೇತ ಈ ರಾಜ್ಯದ್ದು, ಹೆಣ ಆ ರಾಜ್ಯದ್ದು. ಮಾಹಿತಿ ಸಮಯಕ್ಕೆ ಕೊಟ್ಟರೋ ಇಲ್ಲವೋ ಅಂತ ಜಗಳ. ಮಾರ್ಚಿನಲ್ಲಿ ಬಂಡೀಪುರದಲ್ಲಿ ಸೇರಿ ರಾಜ್ಯಗಳು ಸಹಕಾರದ ಒಪ್ಪಂದ ಮಾಡಿಕೊಂಡವು. ಆನೆ ಗಡಿ ದಾಟಿತ್ತು, ಮಾಹಿತಿ ದಾಟಿರಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು, ಮೂರನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ಹುಡುಗಿ, ಎಂಜಿನಿಯರ್ ಇರಬೇಕು, ಕೇಳಿದಳು: "ಸರ್, ಬೇಲಿ ಬದಲು ಸೆನ್ಸರ್, ಕ್ಯಾಮೆರಾ, ಲೈಟು ಹಾಕಬಹುದಲ್ಲ?" ಸೆನ್ಸರ್ ಒಳ್ಳೆಯದಮ್ಮ, ಲೈಟು ಬೇಡ ಅಂದೆ. ಪಾಕಿಸ್ತಾನದ ಗಡಿಗೆ ನಾವು ಹಾಕಿದ ದೀಪಗಳ ಸಾಲು ಬಾಹ್ಯಾಕಾಶದಿಂದಲೂ ಕಿತ್ತಳೆ ಗೆರೆಯಂತೆ ಕಾಣುತ್ತೆ. ಕತ್ತಲೆ ನಂಬಿ ಬದುಕುವ ಪ್ರಾಣಿಗೆ ಅದೂ ಗೋಡೆಯೇ.

ಆನೇಕಲ್ ಕಡೆಯ ರೈತರೊಬ್ಬರು ಎದ್ದು ನಿಂತರು. "ಸ್ವಾಮಿ, ಆನೆಗೆ ದಾರಿ ಬಿಡಿ ಅಂತೀರಿ. ಬಿಟ್ಟ ದಾರೀಲೇ ಅದು ಹೋಗ್ತದೆ ಅಂತ ಬರೆದು ಕೊಡ್ತೀರಾ? ಹೋದ ವರ್ಷ ಒಂದೂವರೆ ಎಕರೆ ರಾಗಿ, ಒಂದೇ ರಾತ್ರಿ." ಸಭೆ ಸುಮ್ಮನಾಯಿತು. ಬರೆದು ಕೊಡೋಕಾಗಲ್ಲ ಯಜಮಾನರೇ ಅಂದೆ. ನಿಮ್ಮ ಹೊಲ ಸುತ್ತ ಬೇಲಿ ಹಾಕಿಕೊಳ್ಳಿ, ಸರ್ಕಾರವೇ ಹಾಕಿಕೊಡಲಿ, ನಾನು ಬಂದು ಅಳತೆ ಮಾಡಿಕೊಡುತ್ತೇನೆ. ಊರು ಸುತ್ತ ಹಾಕಲಿ. ನನ್ನ ತಕರಾರು ಕಾಡು ಕಾಡಿಗೆ ಸೇರುವ ಕಡೆ ಅಡ್ಡ ಬೀಳುವ ಬೇಲಿಗೆ. ದಾರಿ ಅಲ್ಲಿ ಮುಚ್ಚಿದ್ದಕ್ಕೇ ಅದು ನಿಮ್ಮ ಹೊಲಕ್ಕೆ ತಿರುಗಿರಬಹುದು. "ಇರಬೌದು" ಅಂದರು. ಒಪ್ಪಿದರು ಅಂತ ನನಗೆ ಅನ್ನಿಸಲಿಲ್ಲ. ಪರಿಹಾರದ ಅರ್ಜಿ ಕೊಟ್ಟು ಎಷ್ಟು ತಿಂಗಳಾಯಿತು ಅಂತ ಅವರು ಹೇಳಿದ್ದನ್ನು ಇಲ್ಲಿ ಬರೆಯೋದು ಬೇಡ.

ಕೊನೆಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು, ಬೆತ್ತ ಊರಿಕೊಂಡೇ: "ನಿಮ್ಮ ಮನೆಗೆ ಕಾಂಪೌಂಡ್ ಇದೆಯೇನ್ರೀ?" ಎಲ್ಲರೂ ನಕ್ಕರು. ಇದೆ, ಐದೂವರೆ ಅಡಿ, ನಾನೇ ನಿಂತು ಕಟ್ಟಿಸಿದ್ದು, ಮೇಲೆ ಗಾಜಿನ ಚೂರನ್ನೂ ಚುಚ್ಚಿಸಿದ್ದೇನೆ. ಮಳೆನೀರು ಹೋಗಲಿ ಅಂತ ಬುಡದಲ್ಲಿ ಆರಿಂಚಿನ ಒಂದು ತೂತು ಬಿಟ್ಟಿದ್ದೆ. ಅದರಲ್ಲಿ ಒಂದು ಮುಂಗುಸಿ ಬೆಳಗ್ಗೆ ಒಂದು ಸಲ ಬರುತ್ತೆ, ಸಂಜೆ ಒಂದು ಸಲ ಹೋಗುತ್ತೆ. ಇಲಿ ನುಗ್ಗುತ್ತೆ, ಜಾಲರಿ ಹಾಕಿಸಿ ಅಂತ ಮನೆಯಲ್ಲಿ ಎರಡು ವರ್ಷದಿಂದ ಮಾತು ನಡೀತಿದೆ. ಇನ್ನೂ ಹಾಕಿಸಿಲ್ಲ.